ಇಲ್ಲದ ಹಸುವನ್ನು ಸಾಕಿದವರು

ಅವರು ತೀರಿಕೊಂಡ ಸುದ್ದಿ ನನಗೆ ವಾಟ್ಸಾಪಿನಲ್ಲಿ ಬಂತು. ಬದುಕಿದ್ದಿದ್ದರೆ ಇದಕ್ಕೂ ಒಂದು ತಕರಾರು ತೆಗೆಯುತ್ತಿದ್ದರು. "ಸಾವಿನ ಸುದ್ದೀನ ಬೆಳ್ಳಲ್ಲಿ ಒತ್ಬುಟ್ರೆ ಆಯ್ತಾ ಮೇಡಮ್ಮೋರೆ? ಮನ್ಸ ಅನ್ನೋನು ಬಾಗ್ಲಿಗೆ ಬಂದು, ಸೈಕಲ್ ಇಳ್ದು, ಒಂದ್ ಗಳ್ಗೆ ಸುಮ್ಕೆ ನಿಂತ್ಕಂಡು, ಆಮೇಲೆ ಕೊಡ್ಬೇಕು" ಎಂದು ಒಮ್ಮೆ ನನಗೆ ಪಾಠ ಹೇಳಿದ್ದರು. ಹುಣಸೂರಿನ ಹಳೇ ಪೇಟೆಯಲ್ಲಿ ಮೂವತ್ತೊಂದು ವರ್ಷ ಮನೆಮನೆಗೆ ಕಾಗದ ಹಂಚಿದ ಮನುಷ್ಯ. ಈ ವಿಷಯದಲ್ಲಿ ಅವರಿಗೆ ಎದುರು ಹೇಳುವ ಯೋಗ್ಯತೆ ನನಗಿರಲಿಲ್ಲ.

ನಾನು ಪಿರಿಯಾಪಟ್ಟಣದವಳು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹುಣಸೂರಿಗೆ ಬಂದು, ಹಳೇ ಪೇಟೆಯ ದೊಡ್ಡಮನೆಯ ಬೀಗ ತೆಗೆಯುವುದು ನನ್ನ ಉದ್ಯೋಗ. ಒಂದು ಕಾಲಕ್ಕೆ ಹೊಗೆಸೊಪ್ಪಿನ ವ್ಯಾಪಾರದಲ್ಲಿ ಹೆಸರು ಮಾಡಿದ ಕುಟುಂಬದ ಮನೆ ಅದು. ಆಳೆತ್ತರದ ಜಗಲಿ, ಒಬ್ಬರ ತೋಳಿಗೆ ನಿಲುಕದ ತೇಗದ ಕಂಬಗಳು, ನಡುವೆ ತೊಟ್ಟಿ, ಹಿಂದೆ ಬಾವಿ, ಹಿತ್ತಲು. ಮೊಮ್ಮಕ್ಕಳೆಲ್ಲ ಮೈಸೂರು ಸೇರಿದ ಮೇಲೆ ಅವರಲ್ಲೊಬ್ಬರು ಆಸ್ಥೆ ವಹಿಸಿ ಟ್ರಸ್ಟು ಮಾಡಿ ಮನೆಯನ್ನು ವಸ್ತುಸಂಗ್ರಹಾಲಯ ಮಾಡಿದರು. ಅವರು ಕಾರ್ಯದರ್ಶಿ. ನಾನು ಇತಿಹಾಸದ ಎಂ.ಎ. ಮಾಡಿದವಳೆಂದು ಮೇಲ್ವಿಚಾರಕಿ. ಟಿಕೆಟ್ ಹರಿಯುವವಳೂ, ಜೇಡರ ಬಲೆ ತೆಗೆಯುವವಳೂ, ವಸ್ತುಗಳ ಪಕ್ಕದ ಫಲಕ ಬರೆಯುವವಳೂ ನಾನೇ.

ಬಾಗಿಲು ತೆರೆದ ಮೊದಲ ವಾರದಲ್ಲೇ ಒಂದು ದಿನ ಹೊರಗೆ ಸೈಕಲ್ ಬೆಲ್ಲಿನ ಸದ್ದಾಯಿತು. ಹಿಂದೆಯೇ "ಪೋಸ್ಟ್!" ಎಂಬ ಕೂಗು. ನಾನು ಓಡಿಬಂದೆ. ಜಗಲಿಯ ಕೆಳಗೆ ಎಪ್ಪತ್ತು ದಾಟಿದ ಒಬ್ಬರು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳೀ ಅಂಗಿ, ಎಡ ಭುಜ ಬಲ ಭುಜಕ್ಕಿಂತ ಎರಡು ಬೆರಳು ಕೆಳಗೆ. ಕೈಯಲ್ಲಿ ಕಾಗದವೇನೂ ಇರಲಿಲ್ಲ.

"ಎಲ್ಲಿ ಪೋಸ್ಟು?" ಎಂದೆ.

"ಇಲ್ಲ ಕಣವ್ವ. ಅಭ್ಯಾಸ. ಈ ಬಾಗ್ಲಲ್ಲಿ ನಿಂತ್ರೆ ಬಾಯಿಂದ ಬ್ಯಾರೆ ಮಾತೇ ಬರಕಿಲ್ಲ." ಆಮೇಲೆ ಒಳಗೆ ಇಣುಕಿ, "ಯಾರ್ ಬೇಕಾದ್ರೂ ನೋಡ್ಬೋದಂತಲ್ಲ, ನಿಜ್ವಾ?" ಎಂದರು.

"ನಿಜ. ಬನ್ನಿ."

"ಎಲ್ಲೀಗಂಟ ಬರ್ಬೋದು?"

ಆ ಪ್ರಶ್ನೆಯ ಅರ್ಥ ನನಗೆ ತಕ್ಷಣ ಆಗಲಿಲ್ಲ. "ಹಿತ್ತಲವರೆಗೂ" ಎಂದೆ. ಅವರು ಚಪ್ಪಲಿ ಬಿಟ್ಟು, ಅದರ ಮೂತಿ ಬೀದಿ ಕಡೆ ತಿರುಗಿಸಿ, ಜಗಲಿ ಹತ್ತಿ, ಹೊಸ್ತಿಲ ಮುಂದೆ ಗಂಟಲು ಸರಿಮಾಡಿಕೊಂಡು ಬಲಗಾಲಿಟ್ಟು ಒಳಗೆ ಬಂದರು. ಮೂವತ್ತೊಂದು ವರ್ಷ ದಿನಾ ಬಂದ ಮನೆಯ ಹೊಸ್ತಿಲನ್ನು ಅವರು ದಾಟಿದ್ದು ಅದೇ ಮೊದಲು. ಅವರಂಥವರ ಜಾಗ ಆ ಕಾಲಕ್ಕೆ ಜಗಲಿಯ ತುದಿಗೇ ಮುಗಿಯುತ್ತಿತ್ತು. ಇದನ್ನು ಅವರು ದೂರಿನಂತೆ ಹೇಳಲಿಲ್ಲ. ಬೀದಿಯ ಅಗಲ ಹೇಳುವ ಹಾಗೆ ಹೇಳಿದರು.

ಆ ದಿನ ಅವರು ನೋಡಿದ್ದು ಪಡಸಾಲೆ ಮಾತ್ರ. ನೋಡಿ, ಕೈಮುಗಿದು, ಹೊರಟೇಬಿಟ್ಟರು. "ಮುಂದೆ ತೊಟ್ಟಿ ಇದೆ, ನೋಡಿ ಹೋಗಿ" ಎಂದರೆ, "ಎಲ್ಲಾ ಇವತ್ತೇ ನೋಡ್ಬುಟ್ರೆ ನಾಳಿಕೆ ಏನವ್ವ ಮಾಡನೆ?" ಎಂದರು. ಮರುದಿನ ತೊಟ್ಟಿ. ಅದರ ಮರುದಿನ ಊಟದ ಮನೆ. ಹೀಗೆ ಕಂತಿನಲ್ಲಿ ಮನೆ ನೋಡಿ ಮುಗಿಸಲು ಒಂದು ವಾರ ತೆಗೆದುಕೊಂಡರು. ಅಡುಗೆಮನೆಯ ದಿನ ದೊಡ್ಡ ಗಲಾಟೆ. "ಅಡ್ಗೆಮನೆ ಎಡಕ್ಕಿರ್ಬೇಕಲ್ಲ, ಬಲಕ್ಕ್ಯಾಕ್ ಮಡಗಿದ್ದೀರಿ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಒಗ್ಗರಣೆಯ ಸದ್ದು ಜಗಲಿಗೆ ಎಡಗಡೆಯಿಂದ ಕೇಳಿಸುತ್ತಿತ್ತಂತೆ. ಸದ್ದು, ವಾಸನೆ ಹಿಡಿದು ಅವರು ತಲೆಯಲ್ಲಿ ಒಂದು ಮನೆ ಕಟ್ಟಿಕೊಂಡಿದ್ದರು. ಅದಕ್ಕೆ ಹೊಂದದ್ದೆಲ್ಲ ನನ್ನ ತಪ್ಪು.

ಟಿಕೆಟ್ ಬೇಡ, ಸುಮ್ಮನೆ ಬನ್ನಿ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. "ಸ್ಟಾಂಪಿಲ್ದೆ ಕಾಗ್ದ ಒಳೀಕೆ ಓಯ್ತದಾ?" ಎಂದು ದಿನಾ ಟಿಕೆಟ್ ಕೊಂಡರು. ಅದನ್ನು ನಾನು ಹರಿದುಕೊಟ್ಟ ಮೇಲೆ ತಾವೇ ಇನ್ನೊಮ್ಮೆ ಹೆಬ್ಬೆರಳಲ್ಲಿ ಒತ್ತುತ್ತಿದ್ದರು. ಮುದ್ರೆ ಬಿದ್ದ ಹಾಗೆ.

ಮನೆ ನೋಡಿ ಮುಗಿದ ಮೇಲೆ ಬರುವುದು ನಿಲ್ಲಿಸಬಹುದೆಂದು ನಾನು ತಿಳಿದಿದ್ದೆ. ಅವರು ನನಗೆ ಸಹಾಯಕರಾಗಿ ಬಡ್ತಿ ಪಡೆದರು. ಬಡ್ತಿ ಕೊಟ್ಟಿದ್ದೂ ಅವರೇ. ಯಾರೇ ಬರಲಿ, ಮೊದಲು ಊರು ಕೇಳುತ್ತಿದ್ದರು. "ಹಾರನಹಳ್ಳಿಯೋರಾ? ನಿಮ್ಮೂರಿನ ಟಪಾಲ್ ಚೀಲ ಮಧ್ಯಾನ್ನದ ಬಸ್ಸಲ್ಲಿ ಓಯ್ತಿತ್ತು. ಕಂಡಕ್ಟ್ರು ಅದ್ರ ಮೇಲೇ ಕುಂತ್ಕಳೋನು." ಕೋಟೆ ಕಡೆಯ ಶಾಲೆಯಿಂದ ಮಕ್ಕಳು ಬಂದರೆ ಅವರನ್ನು ಊರುಗಳ ಪ್ರಕಾರ ವಿಂಗಡಿಸಿ, ಸಾಲು ಮಾಡಿ, ಕಟ್ಟು ಕಟ್ಟಿದಂತೆ ಒಳಗೆ ಬಿಡುತ್ತಿದ್ದರು. ಮೇಷ್ಟ್ರುಗಳು ಇವರನ್ನೇ ಇಲ್ಲಿನ ಮುಖ್ಯಸ್ಥರೆಂದುಕೊಂಡು ಇವರಿಗೇ ನಮಸ್ಕಾರ ಹೇಳಿ ಹೋಗುತ್ತಿದ್ದರು. ನಾನು ಪಕ್ಕದಲ್ಲಿ ಪೊರಕೆ ಹಿಡಿದು ನಿಂತಿರುತ್ತಿದ್ದೆ.

ಪಡಸಾಲೆಯಲ್ಲಿ ಒಂದು ದೊಡ್ಡ ಬೆಲ್ಜಿಯಂ ಕನ್ನಡಿ ಇದೆ. ಅರಮನೆಯಿಂದ ಬಂದ ಉಡುಗೊರೆ ಎಂದು ಬರೆಯಬೇಕೆಂಬುದು ಕಾರ್ಯದರ್ಶಿಗಳ ಆಸೆ. ಬರೆದೆ. ಇವರು ಅದನ್ನು ಓದಿ, ಬಂದವರಿಗೆಲ್ಲ ಮೆಲ್ಲಗೆ, "ಅರಮನೆ ಅಂತೆ! ಬೊಂಬಾಯಿಂದ ಪಾರ್ಸಲ್ ಬಂದಿದ್ದು ಕಣ್ರಪ್ಪ. ಮೇಲೆ ‘ಒಡೆಯುವ ವಸ್ತು’ ಅಂತ ಬರ್ದಿತ್ತು. ಸೈಕಲ್ ಹತ್ತಕ್ಕೆ ಭಯ ಆಗಿ ಇಲ್ಲೀಗಂಟ ತಳ್ಕಂಡ್ ಬಂದೆ" ಎನ್ನುತ್ತಿದ್ದರು. ಒಂದು ದಿನ ಕಾರ್ಯದರ್ಶಿಗಳ ಎದುರಿಗೇ ಹೇಳಿಬಿಟ್ಟರು. ಕಾರ್ಯದರ್ಶಿಗಳ ಮುಖ ಕೆಂಪಾಯಿತು. ಫಲಕದಲ್ಲಿ ‘ಎಂದು ಹೇಳಲಾಗುತ್ತದೆ’ ಎಂಬ ಎರಡು ಪದ ಸೇರಿಸಿ ನಾನು ಜಗಳ ಬಿಡಿಸಿದೆ.

ನನ್ನ ಕೈಬರಹದ ಬಗ್ಗೆ ಅವರು ಒಂದು ಮಾತು ಹೇಳಿದ್ದರು. ನನಗೆ ಸಿಕ್ಕ ಯಾವ ಸರ್ಟಿಫಿಕೇಟಿಗಿಂತಲೂ ಅದು ದೊಡ್ಡದು. "ನಿಮ್ದು ಊರು ಸೇರೋ ಅಕ್ಸರ ಕಣವ್ವ."

ಇಷ್ಟು ಗೆಲುವಾಗಿದ್ದ ಮನುಷ್ಯ ಮಂಕಾದದ್ದು ಅಟ್ಟದ ಮೇಲೆ ಆ ಟ್ರಂಕು ಸಿಕ್ಕ ದಿನ. ಹಳೆಯ ಕೊಳಗ, ಒನಕೆಗಳ ಹಿಂದೆ ಒಂದು ತಗಡಿನ ಟ್ರಂಕು. ಅದರ ತುಂಬ ನೀಲಿ ಇನ್‌ಲ್ಯಾಂಡ್ ಪತ್ರಗಳು. ಎಲ್ಲವೂ ಸಾಲಿಗ್ರಾಮದಿಂದ ಬಂದವು. ಎಲ್ಲವನ್ನೂ ಬರೆದವರು ಈ ಮನೆಯ ಮಗಳು. ಬರೆದದ್ದು ತಾಯಿಗೆ. ನಾನು ಕುಣಿದಾಡಿದೆ. ಅವರು ಮಾತ್ರ ಟ್ರಂಕನ್ನು ಮುಟ್ಟಲೂ ಇಲ್ಲ. "ತಲ್ಪಿದ್ ಕಾಗ್ದ ಓದ್ಬಾರ್ದು ಮೇಡಮ್ಮೋರೆ. ಅದು ತಲ್ಪಿದೋರ್ದು" ಎಂದಷ್ಟೇ ಹೇಳಿ ಬೇಗ ಹೊರಟರು. ಖಾಸಗಿ ವಿಷಯಗಳನ್ನು ಪ್ರದರ್ಶನಕ್ಕೆ ಇಡುವುದಿಲ್ಲವೆಂದು ನಾನು ಮಾತು ಕೊಟ್ಟೆ. ಓದಿದ್ದಂತೂ ಹೌದು.

ಪತ್ರಗಳಲ್ಲಿ ಜಗಳವಿತ್ತು, ಕಣ್ಣೀರಿತ್ತು, ಅವು ನನಗೆ ಸಂಬಂಧಪಟ್ಟವಲ್ಲ. ಆದರೆ ಎರಡನೆಯ ವರ್ಷದಿಂದ ಪ್ರತಿ ಪತ್ರದಲ್ಲೂ ಒಂದು ಹಸು ಬರುತ್ತಿತ್ತು. ‘ಗೌರಿಯನ್ನು ಮನೆಗೆ ತಂದದ್ದು ಕೇಳಿ ಸಂತೋಷವಾಯಿತು.’ ‘ಗೌರಿ ಕರು ಹಾಕಿದಳೇ?’ ‘ಗೌರಿಗೆ ಹುಲ್ಲು ಹಾಕುವಾಗ ನನ್ನ ಹೆಸರು ಹೇಳಿ ಎರಡು ಹಿಡಿ ಹೆಚ್ಚಿಗೆ ಹಾಕು.’ ದೊಡ್ಡಮನೆಯವರ ಬದುಕಿನಲ್ಲಿ ಹೀಗೊಂದು ಹಸು ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಕಾರ್ಯದರ್ಶಿಗಳಂತೂ, "ನಮ್ಮ ಮನೇಲಿ ಹಸು ಇರಲೇ ಇಲ್ಲ. ಹಾಲು ಹೊರಗಿನಿಂದ ಬರ್ತಿತ್ತು ಅಂತ ನಮ್ಮಪ್ಪ ಹೇಳ್ತಿದ್ರು" ಎಂದರು. ನಾನು ಇತಿಹಾಸ ಓದಿದವಳು. "ಬಾಯಿಮಾತಿಗಿಂತ ಲಿಖಿತ ಆಧಾರ ದೊಡ್ಡದು ಸರ್" ಎಂದೆ. ಹಿತ್ತಲಲ್ಲಿದ್ದ ಕಲ್ಲುಗೋಡೆಯ ಮಾಡನ್ನು ಗುಡಿಸಿ, ಗೂಟ ನೆಟ್ಟು, ಹಿತ್ತಾಳೆ ಗಂಟೆಯೊಂದನ್ನು ತೂಗುಹಾಕಿ, ‘ಗೌರಿಯ ಕೊಟ್ಟಿಗೆ’ ಎಂದು ಊರು ಸೇರುವ ಅಕ್ಷರದಲ್ಲಿ ಬರೆದು ಹಾಕಿದೆ. ಇಡೀ ಮನೆಯಲ್ಲಿ ಮಕ್ಕಳಿಗೆ ಅತ್ಯಂತ ಹಿಡಿಸಿದ್ದು ಅದೇ.

ಪೋಸ್ಟಿನವರು ಮೊದಲ ದಿನ ಆ ಫಲಕದ ಮುಂದೆ ಬಹಳ ಹೊತ್ತು ನಿಂತರು. ಮರುವಾರ ಒಂದು ಶಾಲೆಯ ಮಕ್ಕಳು ಬಂದಾಗ ಒಬ್ಬ ಹುಡುಗಿ ಕೇಳಿದಳು: "ತಾತ, ಗೌರಿ ಯಾವ ಬಣ್ಣ?"

"ಕಂದು ಕಣವ್ವ. ಅಣೆ ಮೇಲೆ ಒಂದ್ ಬಿಳೀ ಚುಕ್ಕಿ. ಎಡಗಡೆ ಕೊಂಬು ಒಸಿ ಸೊಟ್ಟ. ಹಾಲ್ ಕರೆಯೋವಾಗ ಪಕ್ಕದಲ್ಲಿ ಕುಂತು ಯಾರಾದ್ರೂ ಮಾತಾಡ್ತಾ ಇರ್ಬೇಕು. ಸುಮ್ನಿದ್ರೆ ಒದ್ಯೋದು."

ಮಕ್ಕಳು ನಕ್ಕರು. ನಾನು ನಗಲಿಲ್ಲ. ಮಕ್ಕಳು ಹೋದ ಮೇಲೆ ಇವರನ್ನು ಹಿಡಿದುಕೊಂಡೆ. "ಈ ಮನೆಯೊಳಗೆ ನೀವು ಕಾಲೇ ಇಟ್ಟಿರಲಿಲ್ಲ. ಹಿತ್ತಲ ಹಸುವಿನ ಕೊಂಬು ಸೊಟ್ಟ ಅಂತ ಹೇಗೆ ಗೊತ್ತಾಯಿತು?"

"ಕಾಗ್ದದಲ್ಲಿ..." ಎಂದು ಶುರು ಮಾಡಿ ನಿಲ್ಲಿಸಿದರು.

"ಕಾಗದ ಓದಿದಿರಾ? ಓದಬಾರದು ಅಂತ ನನಗೆ ಹೇಳಿದಿರಲ್ಲ?"

ಅವರು ಸೈಕಲ್ ಸ್ಟ್ಯಾಂಡ್ ಒದ್ದು, ನನ್ನ ಕಡೆ ನೋಡದೆ ಹೊರಟುಹೋದರು.

ಇಂಥ ಸಮಯದಲ್ಲಿ ಇತಿಹಾಸದ ವಿದ್ಯಾರ್ಥಿಗಳು ಮಾಡುವ ಕೆಲಸವನ್ನೇ ನಾನು ಮಾಡಿದೆ. ಪತ್ರಗಳ ಹಿಂದೆ ಇದ್ದ ಸಾಲಿಗ್ರಾಮದ ವಿಳಾಸಕ್ಕೆ ಒಂದು ಕಾರ್ಡು ಬರೆದು ಹಾಕಿದೆ: ತಾವು ಅಥವಾ ತಮ್ಮ ಮನೆಯವರು ಯಾರಾದರೂ ಇದ್ದರೆ, ದೊಡ್ಡಮನೆಯ ಗೌರಿ ಎಂಬ ಹಸುವಿನ ಬಗ್ಗೆ ತಿಳಿಸಬೇಕು. ಉತ್ತರ ಬರಬಹುದೆಂದು ನಂಬಿಕೆಯೇನೂ ಇರಲಿಲ್ಲ. ಹತ್ತನೆಯ ದಿನ ಫೋನು ಬಂತು. ವಯಸ್ಸಾದ ಹೆಂಗಸಿನ ಗಟ್ಟಿ ದನಿ. "ನಾನೇ ಕಣ್ರೀ ಆ ಮಗಳು. ಬದುಕಿದ್ದೀನಿ. ಬರೋ ಗುರುವಾರ ಬರ್ತೀನಿ."

ಇದನ್ನು ನಾನು ಪೋಸ್ಟಿನವರಿಗೆ ಸಡಗರದಿಂದ ಹೇಳಿದೆ. ಅವರ ಕೈ ಎಡ ಭುಜಕ್ಕೆ ಹೋಗಿ, ಅಲ್ಲಿಲ್ಲದ ಚೀಲದ ಪಟ್ಟಿಯನ್ನು ಹಿಡಿಯಿತು. "ಕಾಗ್ದ ಆಕ್ಬುಟ್ರಾ?" ಎಂದರು. ಅಷ್ಟೇ. ಆಮೇಲೆ ನಾಲ್ಕು ದಿನ ಬರಲಿಲ್ಲ. ಹಬ್ಬದ ದಿನವೂ ಬಂದು ಬಾಗಿಲು ಹಾಕಿರುವುದನ್ನು ನೋಡಿಕೊಂಡು ಹೋಗುತ್ತಿದ್ದ ಮನುಷ್ಯ.

ಗುರುವಾರ ನಾನು ಬೀಗ ತೆಗೆಯುವ ಹೊತ್ತಿಗೆ ಜಗಲಿಯ ತುದಿಯಲ್ಲಿ ಕೂತಿದ್ದರು. ಕ್ಷೌರ ಮಾಡಿಸಿಕೊಂಡಿದ್ದರು.

"ಮೇಡಮ್ಮೋರೆ, ಆ ಅಸ ಇರ್ಲಿಲ್ಲ."

"ಯಾವ ಹಸು?"

"ಗೌರಿ. ಈ ಮನೇಲಿರ್ಲಿಲ್ಲ. ನಾನೇ ಕಟ್ದೋನು."

"ಕೊಟ್ಟಿಗೇಲಾ?"

"ಕಾಗ್ದದಲ್ಲಿ."

ಅವರು ಹೇಳಿದ್ದು ಇಷ್ಟು. ಮಗಳು ತನಗೆ ಇಷ್ಟವಾದ ಸಾಲಿಗ್ರಾಮದ ಮೇಷ್ಟ್ರೊಬ್ಬರನ್ನು ಮದುವೆಯಾಗಿ ಹೋದಳು. ಯಜಮಾನರು ಅವಳ ಹೆಸರು ಈ ಮನೆಯಲ್ಲಿ ಯಾರೂ ಎತ್ತಕೂಡದೆಂದು ಕಟ್ಟು ಮಾಡಿದರು. ತಾಯಿಗೆ ಓದು ಬರಹ ಬಾರದು. ಯಜಮಾನರು ಹೊಗೆಸೊಪ್ಪಿನ ಮಂಡಿಗೆ ಹೋದ ಮೇಲೆ ಅಂಚೆ ಬರುವ ಹೊತ್ತು. ಮೊದಲ ಕಾಗದ ಬಂದ ದಿನ ಪಡಸಾಲೆಯ ಕಿಟಕಿಯ ಹಿಂದಿನಿಂದ ಆಕೆಯ ದನಿ ಬಂತು: "ಮೆತ್ತಗೆ ಓದಪ್ಪ."

"ಒಡ್ದೆ. ನೀವೆಲ್ಲ ನನ್ ಪಾಲಿಗೆ ಸತ್ರಿ ಅಂತ ಬರ್ದಿತ್ತು. ಅದ್ನ ಎಂಗವ್ವ ಓದನೆ? ಒಳಗಿರೋ ಜೀವಕ್ಕೆ ಮಂಡಿನೋವು ಬ್ಯಾರೆ, ಕುಂತೇಳೋವಾಗ ನರಳೋದು ಕೇಳಿಸ್ತಿತ್ತು. ‘ಅವ್ವ, ಮಂಡಿಗೆ ಎಣ್ಣೆ ತಿಕ್ಕೋ’ ಅಂತ ಬರ್ದವ್ರೆ ಅಂದ್ಬುಟ್ಟೆ. ‘ಉತ್ರ ಬರ್ಕೊ’ ಅಂದ್ರು. ಬಾಯಿಗ್ ಬಂದಂಗೆ ಬೈದ್ರು. ಈ ಮನೆ ಹೊಸ್ಲು ನಿಂಗೆ ಮುಗೀತು ಅಂದ್ರು. ನಾನು ‘ಮಗಳೇ, ಚೆನ್ನಾಗಿದ್ದೀಯಾ’ ಅಂತ ಬರ್ದೆ. ಆಮೇಲೆ ಏನ್ ಬರೆಯದು? ಇನ್‌ಲ್ಯಾಂಡ್ ಅಂದ್ರೆ ಎಷ್ಟೊಂದು ಜಾಗ ಇರ್ತದೆ ಗೊತ್ತಾ? ಒಂದೊರ್ಸ ಮಳೆ, ಬೆಳೆ, ಉಪ್ಪಿನ್ಕಾಯಿ ಅಂತ ತುಂಬ್ಸಿದೆ. ಕೊನೀಕೆ ಏನೂ ಉಳೀದೆ ಒಂದ್ ಅಸ ಕಟ್ದೆ."

ನಾನು ಜಗಲಿಯ ಮೇಲೆಯೇ ಕೂತುಬಿಟ್ಟೆ. ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ.

"ಒಂಬತ್ತೊರ್ಸ ಕಣವ್ವ. ಮಗ್ಳು ಅಸ ಎಂಗದೆ ಅಂತ ಕೇಳೋರು, ನಾನು ಬರೆಯೋನು. ತಾಯಿಗೆ ಓದೋವಾಗ ಅಸ ಬುಟ್ಟು ಓದೋನು. ಕಾಗ್ದಾನೆಲ್ಲ ಟ್ರಂಕಲ್ಲಿ ಮಡಗಿವ್ನಿ ಅಂತ ಅವ್ರು ಅಂದಿದ್ರು, ಅದು ಒಂದಿನ ಆಚೀಕೆ ಬತ್ತದೆ ಅಂತ ಗೊತ್ತಿತ್ತು. ಅದ್ಕೇ ದಿನಾ ಬತ್ತಿದ್ದೆ."

"ಅಂದ್ರೆ ನೀವು ಮನೆ ನೋಡೋಕೆ ಬರ್ತಿರಲಿಲ್ವಾ?"

"ಮನೇನೂ ನೋಡ್ದೆ ಬುಡಿ" ಎಂದರು.

ಅವರಿಗೆ ನಿಜವಾಗಿ ಭಯವಾಗಿತ್ತು. ಅವರ ಕಣ್ಣಿನಲ್ಲಿ ಇದು ಹುಡುಗಾಟವಾಗಿರಲಿಲ್ಲ. ಬೇರೆಯವರ ಮಾತನ್ನು ಹೇಗಿತ್ತೋ ಹಾಗೆ ಮುಟ್ಟಿಸುವುದೇ ಬದುಕಿನ ಕಸುಬಾಗಿದ್ದವರು, ಒಂದೇ ಬಾಗಿಲಲ್ಲಿ ಒಂಬತ್ತು ವರ್ಷ ಎರಡೂ ಕಡೆಗೆ ಬೇರೆಯದನ್ನೇ ಮುಟ್ಟಿಸಿದ್ದರು. "ನೀವು ಹೇಳಬೇಕಾಗಿಲ್ಲ. ಆಕೆ ಹಸು ನೋಡಿಕೊಂಡು ಖುಷಿಯಾಗಿ ಹೋಗಲಿ" ಎಂದೆ. ಅವರು ಆಗದೆಂದು ತಲೆಯಾಡಿಸಿದರು. "ಇಷ್ಟ್ ದಿನ ಸುಳ್ಳು ಕಾಗ್ದದ ಮೇಲಿತ್ತು. ಇವತ್ತು ಎದ್ರಿಗ್ ನಿಂತು ಏಳ್ಬೇಕಾಯ್ತದಲ್ಲ. ಅದು ನನ್ ಕೈಲಾಗಕಿಲ್ಲ."

ಹನ್ನೊಂದು ಗಂಟೆಗೆ ಆಟೋದಿಂದ ಒಬ್ಬ ಎತ್ತರದ ಹೆಂಗಸು ಇಳಿದರು. ಕನ್ನಡಕ, ಅಂಚು ಸವೆದ ರೇಷ್ಮೆ ಸೀರೆ, ಊರುಗೋಲು. ತಾಯಿ ಸತ್ತಾಗ ಬಂದು ಇದೇ ಜಗಲಿಯಲ್ಲಿ ಕೂತು ಹೋಗಿದ್ದವರು. ಅಂದು ಅಣ್ಣಂದಿರು ಒಳಗೆ ಕರೆಯಲಿಲ್ಲ. ಈಗ ನಾನು ಕರೆದೆ. ಆಕೆ ಪಡಸಾಲೆ, ತೊಟ್ಟಿ ಯಾವುದನ್ನೂ ನೋಡದೆ ನೇರ ಹಿತ್ತಲಿಗೆ ನಡೆದು, ನನ್ನ ಫಲಕವನ್ನು ಓದಿ, ಗಂಟೆಯನ್ನು ಒಮ್ಮೆ ಅಲುಗಿಸಿ ಕೇಳಿದರು:

"ನಮ್ಮವ್ವ ಹೋದಮೇಲೆ ಗೌರಿನ ಯಾರಿಗೆ ಕೊಟ್ರು? ಇಷ್ಟು ವರ್ಷ ಕೇಳೋಕೆ ಯಾರೂ ಇರಲಿಲ್ಲ ನನಗೆ."

ಪೋಸ್ಟಿನವರು ಬಾವಿಕಟ್ಟೆಯ ಹತ್ತಿರ ನಿಂತಿದ್ದರು. ಎರಡು ಹೆಜ್ಜೆ ಮುಂದೆ ಬಂದು, ತಾವು ಯಾರೆಂದು ಹೇಳಿ, ಬೆಳಿಗ್ಗೆ ನನಗೆ ಹೇಳಿದ್ದನ್ನೆಲ್ಲ ಮತ್ತೊಮ್ಮೆ ಹೇಳಿದರು. ತಾಯಿಯ ಬೈಗುಳವೊಂದನ್ನು ಬಿಟ್ಟರೆ ಒಂದಕ್ಷರವನ್ನೂ ಬಿಡಲಿಲ್ಲ. ಆಕೆಯ ಮುಖ ಬಿಗಿಯುತ್ತಾ ಹೋಯಿತು.

"ಹಾಗಾದ್ರೆ ಅವ್ವ ನನಗೆ ಏನಂತ ಬರೆಸ್ತಿದ್ಲು?"

"ಮರ್ತೋಗದೆ ತಾಯಿ."

"ಸುಳ್ಳು."

"ಊಂ. ಸುಳ್ಳೇ." ಅವರು ನೆಲ ನೋಡಿದರು. "ಬೈತಿದ್ರು. ನೀವೂ ಬೈತಿದ್ರಿ. ಇಬ್ರದೂ ಒಂದೇ ಬಾಯಿ."

"ಅಂದ್ರೆ ನಾನು ಇಷ್ಟು ವರ್ಷ ಜೋಪಾನ ಮಾಡಿಟ್ಟುಕೊಂಡಿರೋ ಕಾಗದಗಳಲ್ಲಿ ನಮ್ಮವ್ವನದು ಒಂದು ಮಾತೂ ಇಲ್ಲ! ಎಲ್ಲ ನಿಮ್ಮವು!"

ಆಕೆ ಬೆನ್ನು ತಿರುಗಿಸಿ ಹೊರಡಲು ಊರುಗೋಲು ಊರಿದರು. ಆಗ ಅವರು ಹಿಂದಿನಿಂದ ಹೇಳಿದರು.

"ಒಂದ್ ಮಾತು ಅವ್ರದೇ ತಾಯಿ. ಎಷ್ಟೇ ಬೈಲಿ, ಕೊನೇಲಿ ವಿಳಾಸ ಓದು ಅನ್ನೋರು. ಓದ್ತಿದ್ದೆ. ಇನ್ನೊಂದ್ಸಲ ಓದು ಅನ್ನೋರು. ಸಾಲಿಗ್ರಾಮ ಅಂತ ಸರ್ಯಾಗ್ ಬರ್ದ್ಯಾ, ಬ್ಯಾರೆ ಊರ್ಗೆ ಓಗ್ಬುಟ್ಟಾತು ಅನ್ನೋರು. ಒಂಬತ್ತೊರ್ಸದಲ್ಲಿ ಒಂದ್ಸಲಾನೂ ಎಲ್ಡ್ ಸಾರಿ ಓದಿಸ್ದೆ ನನ್ ಕಳಿಸ್ಲಿಲ್ಲ. ವಿಳಾಸ ಒಂದ್ನ ನಾನು ಬದಲಾಯ್ಸಿಲ್ಲ."

ಆಕೆ ನಿಂತರು. ಮೆಲ್ಲಗೆ ಬಾವಿಕಟ್ಟೆಯ ಮೇಲೆ ಕೂತರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಆಮೇಲೆ ಕೇಳಿದರು:

"ಮಂಡಿಗೆ ಎಣ್ಣೆ ತಿಕ್ಕೋತಿದ್ಲಾ?"

"ಮಾರ್ನೇ ದಿನವೇ ಕಿಟಕೀಲಿ ಎಣ್ಣೆ ವಾಸ್ನೆ ಬಂತು."

"ನಾನು ಬರೆದೇ ಇರಲಿಲ್ಲ."

"ಅವ್ರು ತಿಕ್ಕೊಂಡ್ರಲ್ಲ, ಬುಡಿ."

ಆಕೆ ಊರುಗೋಲನ್ನು ಪಕ್ಕಕ್ಕಿಟ್ಟರು, ಈಗ ದನಿ ಬೇರೆಯಾಗಿತ್ತು. ಅದರಲ್ಲಿ ಸಿಟ್ಟಿತ್ತು, ಆದರೆ ಅದು ಮನೆಯವರ ಮೇಲೆ ಬರುವ ಸಿಟ್ಟು.

"ಅದೆಲ್ಲ ಇರಲಿ. ಗೌರಿ ಒಟ್ಟು ಎಷ್ಟು ಕರು ಹಾಕಿದ್ಲು?"

"ಮೂರು."

"ನಾಲ್ಕು! ನೀವೇ ಬರೆದದ್ದು ನಿಮಗೇ ನೆನಪಿಲ್ವಾ? ಎರಡನೇದು ಸತ್ತುಹೋಯ್ತು ಅಂತ ಬರೆದ್ರಿ. ಎರಡು ದಿನ ಊಟ ಮಾಡಲಿಲ್ಲ ನಾನು. ನಮ್ಮ ಮೇಷ್ಟ್ರು ಹೆದರಿ ಡಾಕ್ಟರನ್ನ ಕರೆಸಿದ್ರು. ಆ ಕರು ಯಾಕ್ರೀ ಸಾಯಿಸಿದ್ರಿ?"

ಅವರು ತಬ್ಬಿಬ್ಬಾದರು. "ನೀವು ಅದ್ನ ಸಾಲಿಗ್ರಾಮುಕ್ಕೆ ಕಳ್ಸಿ ಅಂತ ಬರ್ದ್ರಲ್ಲ ತಾಯಿ! ಮಗೀಗೆ ಆಟಕ್ಕಾಯ್ತದೆ, ಇಲ್ಲೇ ಸಾಕ್ಕೋತೀನಿ ಅಂತ. ನಾನ್ ಎಲ್ಲಿಂದ ಕಳಿಸ್ಲಿ? ಬ್ಯಾರೆ ದಾರಿ ಇರ್ಲಿಲ್ಲ. ಸಾಯಿಸ್ಬುಟ್ಟೆ."

ಆಕೆ ಅವರನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ನಗಲು ಶುರು ಮಾಡಿದರು. ಆ ಹಿತ್ತಲಲ್ಲಿ ಅಂಥ ನಗು ಎಷ್ಟೋ ವರ್ಷದಿಂದ ಕೇಳಿರಲಿಕ್ಕಿಲ್ಲ. ಕಂಬದ ಮೇಲಿದ್ದ ಪಾರಿವಾಳಗಳು ಹಾರಿದವು. ಅವರು ಮಾತ್ರ ಇನ್ನೂ ಕೈಕಟ್ಟಿ ನಿಂತಿದ್ದರು, ನಗಬಹುದೋ ಬಾರದೋ ತಿಳಿಯದೆ.

ಹೊರಡುವಾಗ ಆಕೆ ನನಗೆ, "ಈ ಬೋರ್ಡು ತೆಗೀಬೇಡಿ" ಎಂದರು. ಕಾರ್ಯದರ್ಶಿಗಳಿಗೆ ನಿಜ ಹೇಳಿದೆ. ಲಿಖಿತ ಆಧಾರದ ಬಗ್ಗೆ ಅವರು ನನಗೆ ಎರಡು ಮಾತು ಆಡಿಯೇ ಆಡಿದರು, ಕೇಳಿಸಿಕೊಂಡೆ. ಈಗ ಅಲ್ಲಿ ಹೊಸ ಫಲಕವಿದೆ: ‘ಸೌದೆ ಇಡುತ್ತಿದ್ದ ಮಾಡು. ಈ ಮನೆಯ ಕಾಗದಗಳಲ್ಲಿ ಬರುವ ಗೌರಿ ಎಂಬ ಹಸುವನ್ನು ಇಲ್ಲಿ ಕಟ್ಟುತ್ತಿದ್ದರೆಂದು ಅವಳನ್ನು ಪ್ರೀತಿಸಿದವರು ನಂಬಿದ್ದರು.’ ಪೋಸ್ಟಿನವರು ಇದನ್ನು ಓದಿ, "‘ಎಂದು ಹೇಳಲಾಗುತ್ತದೆ’ಗಿಂತ ವಾಸಿ" ಎಂದರು. ಆ ಗುರುವಾರದ ಮೇಲೂ ಅವರು ದಿನಾ ಬಂದರು. ಟ್ರಂಕಿನ ಭಯ ಮುಗಿದಿತ್ತು, ಆದರೂ ಬಂದರು. ಒಂದೂವರೆ ವರ್ಷ. ಅಡುಗೆಮನೆ ಎಡಕ್ಕಿರಬೇಕೆಂಬ ವಾದವನ್ನು ಕೊನೆಯವರೆಗೂ ಬಿಡಲಿಲ್ಲ.

ಅವರು ಹೋದ ಮೇಲಿನ ಭಾನುವಾರ ಬಿಳಿಕೆರೆ ಕಡೆಯ ಅವರ ಹಳ್ಳಿಗೆ ಹೋದೆ. ಹೆಂಡತಿ ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ನನ್ನನ್ನು ನೋಡುತ್ತಲೇ, "ನೀನೇನವ್ವ ಅಸಿನ ಮೇಡಮ್ಮು?" ಎಂದರು. ಕಾಗದದ ಹಸುವಿನ ವಿಷಯ ಅವರಿಗೆ ಗೊತ್ತಿತ್ತು. ನಾನೂ ಕಾಯಿ ಬಿಡಿಸುತ್ತಾ ಕೂತೆ.

"ಇಲ್ಲದ ಹಸುವಿಗೆ ಕೊಂಬು, ಬಣ್ಣ ಎಲ್ಲ ಎಷ್ಟು ಚೆನ್ನಾಗಿ ಹೇಳೋರು ಅಜ್ಜಿ" ಎಂದೆ.

"ಇಲ್ದಿದ್ ಅಸ ಯಾಕವ್ವ ಆದೀತು? ಇಲ್ಲೇ ಇತ್ತಲ್ಲ, ಆ ಗೋಡೆ ಪಕ್ಕ. ನಮ್ ಗೌರಿನೇ ಅದು. ಇಲ್ಲಿ ಏನಾಯ್ತೋ ಅದ್ನೇ ಅಲ್ಲಿ ಬರೆಯೋರು. ಅವ್ರಿಗೆ ಏನಾದ್ರೂ ಹೊಸ್ದಾಗಿ ಕಟ್ಟಿ ಬರೆಯಾಕೆ ಎಲ್ಲವ್ವ ಬತ್ತಿತ್ತು?"

ನನ್ನ ಕೈ ನಿಂತಿತು. "ಹಾಗಾದ್ರೆ ಎರಡನೇ ಕರು ಸತ್ತಿದ್ದು?"

"ಸತ್ತಿದ್ದಾ? ಯಾರಂದ್ರು?" ಅಜ್ಜಿ ಕಣ್ಣರಳಿಸಿದರು. "ಗಂಡು ಕರ. ಎತ್ತಾಗಿ ಅತ್ತೊರ್ಸ ಗಾಡಿ ಎಳೀತು. ಅಯ್ಯೋ, ಅದ್ನ ಸಾಯಿಸ್ಬುಟ್ಟಿದ್ರಾ ಇವ್ರು!"

ಗಂಡ ಹೋದ ಮೇಲೆ ಅಜ್ಜಿ ನಕ್ಕಿದ್ದು ಅದೇ ಮೊದಲಂತೆ. ಒಳಗಿನಿಂದ ಸೊಸೆ ಬಂದು ನೋಡಿ ಹೋದಳು.

ಇಂಥ ಸುದ್ದಿಯನ್ನು ಫೋನಿನಲ್ಲಿ ಹೇಳುವ ಹಾಗಿಲ್ಲ. ಸಾಲಿಗ್ರಾಮಕ್ಕೆ ಎಲ್ಲ ವಿವರವಾಗಿ ಬರೆದು ಹಾಕಿದೆ. ವಾರದಲ್ಲಿ ಮಾರುತ್ತರ ಬಂತು. ಆದರೆ ಅದು ನನಗಲ್ಲ, ಅಜ್ಜಿಗೆ. ‘ಓದಿ ಹೇಳಿ’ ಎಂದು ಮೇಲೆ ನನಗೊಂದು ಸಾಲು. ಮುಂದಿನ ಭಾನುವಾರ ಮತ್ತೆ ಬಿಳಿಕೆರೆ ಬಸ್ಸು ಹತ್ತಿದೆ. ಅಜ್ಜಿ ಕೈ ತೊಳೆದುಕೊಂಡು, ಸೆರಗು ಹೊದ್ದು, ಗೋಡೆಗೆ ಒರಗಿ ಕೂತರು. ನಾನು ಕಾಗದ ಬಿಚ್ಚಿದೆ. ಎತ್ತಿನ ಹೆಸರೇನು, ಯಾರಿಗೆ ಮಾರಿದಿರಿ, ಗೌರಿಯ ಕೊನೆ ಹೇಗಾಯಿತು ಎಂದು ಎರಡು ಪುಟ ಪ್ರಶ್ನೆಗಳಿದ್ದವು. ಮೊದಲ ಸಾಲು ಮಾತ್ರ ಹೀಗಿತ್ತು: ‘ನಿನ್ನ ಗಂಡನಂಥ ಸುಳ್ಳುಗಾರನನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ ಕಣಮ್ಮ.’

ಅಜ್ಜಿ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"‘ನಿನ್ನ ಗಂಡನಂಥವರನ್ನ ನಾನು ಈ ಜನ್ಮದಲ್ಲಿ ಕಂಡಿಲ್ಲ ಕಣಮ್ಮ’" ಎಂದು ಓದಿದೆ.

"ಅಂಗಂತ ಬರ್ದವ್ರಾ?" ಎಂದರು ಅಜ್ಜಿ. ಮುಂದಕ್ಕೆ ಬಾಗಿ, "ಅದೊಂದ್ ಸಾಲು ಇನ್ನೊಂದ್ಸಲ ಓದವ್ವ" ಎಂದರು.

ಇನ್ನೊಂದು ಸಲವೂ ಹಾಗೇ ಓದಿದೆ.